ಮಲೆನಾಡಿನ ಮನೆಗಳಲ್ಲಿ ಮರುಕಳಿಸುವ ಇರುವೆ ಬಾಧೆ: ಕಾರಣಗಳು ಮತ್ತು ಸಮಗ್ರ ನಿರ್ವಹಣೆ

ಶಿರಸಿ–ಸಿದ್ದಾಪುರ ಮಾರ್ಗದಲ್ಲಿರುವ ಕಾನಸೂರು ಹಾಗೂ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ರೈತನ ಮನೆ ತೋಟಕ್ಕೆ ಅಂಟಿಕೊಂಡೇ ಇರುತ್ತದೆ. ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ ಮತ್ತು ಗೊಬ್ಬರಗುಂಡಿ, ಹಿಂಬದಿಯಲ್ಲಿ ದರೆ, ಅದರಾಚೆ ಸೊಪ್ಪಿನ ಬೆಟ್ಟ. ಅಡುಗೆಮನೆಯಲ್ಲಿ ಜೋನಿ ಬೆಲ್ಲದ ಡಬ್ಬ, ಅಟ್ಟದ ಮೇಲೆ ಅಡಿಕೆ ಚೀಲ, ಕೊಟ್ಟಿಗೆಯಲ್ಲಿ ಹಿಂಡಿ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಇಂತಹ ಪರಿಸರದಲ್ಲಿ ಇರುವೆಗಳಿಗೆ ಬೇಕಾದ ಆಹಾರ, ತೇವಾಂಶ ಮತ್ತು ಆಶ್ರಯ ಒಂದೇ ಸೂರಿನಡಿ ದೊರೆಯುತ್ತವೆ. ಆದ್ದರಿಂದಲೇ ಪ್ರತಿ ಮಳೆಗಾಲದ ಆರಂಭದಲ್ಲಿ, ಮತ್ತೆ ಬೇಸಿಗೆಯ ಬಿಸಿಲಿನಲ್ಲಿ, ಇರುವೆಗಳ ಸಾಲು ಮನೆಯೊಳಗೆ ಕಾಣಿಸಿಕೊಳ್ಳುತ್ತದೆ.

ಇರುವೆ ಬಂದಾಗ ಪುಡಿ ಉದುರಿಸುವುದು ಅಥವಾ ಔಷಧ ಸಿಂಪಡಿಸುವುದು ರೂಢಿ. ನಾಲ್ಕು ದಿನ ಸಾಲು ಮಾಯವಾಗಿ, ಅನಂತರ ಅದೇ ಗೋಡೆಯ ಇನ್ನೊಂದು ಬಿರುಕಿನಿಂದ ಮತ್ತೆ ಹೊರಡುತ್ತದೆ. ಬೇಸತ್ತ ಕುಟುಂಬಗಳು ಕೊನೆಗೆ ತೋಟಕ್ಕೆಂದು ತಂದಿಟ್ಟ ಕೀಟನಾಶಕವನ್ನೇ ಅಡುಗೆಮನೆಯಲ್ಲಿ ಬಳಸಲು ತೊಡಗುತ್ತವೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಈ ಪರಿಹಾರವು ಇರುವೆಯ ಬಾಧೆಗಿಂತ ಎಷ್ಟೋ ಪಟ್ಟು ಅಪಾಯಕಾರಿ. ಇರುವೆಗಳು ಮರುಕಳಿಸುವ ಕಾರಣವನ್ನು ಅರಿತು, ಕ್ರಮಬದ್ಧವಾಗಿ ನಡೆದರೆ ಅತ್ಯಲ್ಪ ವಿಷವನ್ನು ಬಳಸಿ, ಕಡಿಮೆ ಖರ್ಚಿನಲ್ಲಿ ಈ ಸಮಸ್ಯೆಯನ್ನು ಹತೋಟಿಗೆ ತರಬಹುದು. ಅದರ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಪುಡಿ ಹಾಕಿದರೂ ಇರುವೆ ಮರಳುವುದೇಕೆ?

ಜೇಕಿನ ಕಳೆಯನ್ನು ಬಲ್ಲ ರೈತರಿಗೆ ಇದನ್ನು ತಿಳಿಸುವುದು ಸುಲಭ. ಜೇಕಿನ ಎಲೆಯನ್ನು ಎಷ್ಟು ಸಲ ಕೊಯ್ದರೂ ಮಣ್ಣಿನೊಳಗಿನ ಗಡ್ಡೆ ಉಳಿದಿರುವವರೆಗೆ ಅದು ಮತ್ತೆ ಚಿಗುರುತ್ತದೆ. ಇರುವೆಯ ಸಾಲು ಜೇಕಿನ ಎಲೆಯಿದ್ದಂತೆ. ಗೂಡು ಅದರ ಗಡ್ಡೆ. ನಮ್ಮ ಕಣ್ಣಿಗೆ ಬೀಳುವವು ಆಹಾರ ಹುಡುಕಲು ಹೊರಟ ಕೆಲಸಗಾರ ಇರುವೆಗಳು ಮಾತ್ರ. ಅವು ಇಡೀ ಸಂಸಾರದ ಸಣ್ಣದೊಂದು ಪಾಲು. ಮೊಟ್ಟೆಯಿಡುವ ರಾಣಿ, ಮೊಟ್ಟೆ, ಮರಿಹುಳು, ಕೋಶ ಮತ್ತು ಅವುಗಳನ್ನು ಸಾಕುವ ಕೆಲಸಗಾರ ಇರುವೆಗಳು ಗೂಡಿನೊಳಗೇ ಇರುತ್ತವೆ. ಸಾಲನ್ನು ಕೊಂದಾಗ ಕಳೆದುಹೋದ ಕೆಲಸಗಾರರ ಸ್ಥಾನವನ್ನು ಗೂಡಿನಲ್ಲಿ ಬೆಳೆಯುತ್ತಿರುವ ಹೊಸ ಪೀಳಿಗೆ ತುಂಬುತ್ತದೆ.

ಎರಡನೆಯ ಕಾರಣ ವಾಸನೆಯ ದಾರಿ. ಆಹಾರ ಕಂಡ ಇರುವೆ ಗೂಡಿಗೆ ಮರಳುವಾಗ ತನ್ನ ದೇಹದಿಂದ ಒಂದು ರಾಸಾಯನಿಕವನ್ನು ನೆಲಕ್ಕೆ ಸವರುತ್ತಾ ಹೋಗುತ್ತದೆ. ಉಳಿದವು ಅದರ ಜಾಡು ಹಿಡಿದು ಬರುತ್ತವೆ. ಆಹಾರ ದೊರೆತಷ್ಟು ಕಾಲ ಜಾಡು ಗಟ್ಟಿಯಾಗುತ್ತಲೇ ಇರುತ್ತದೆ. ಬೆಲ್ಲದ ಹನಿಯನ್ನು ಒರೆಸಿ ಜಾಡನ್ನು ತೊಳೆಯದೆ ಬಿಟ್ಟರೆ ಇರುವೆಗಳು ಮತ್ತೆ ಅದೇ ಹಾದಿಯಲ್ಲಿ ಬಂದು ಹುಡುಕುತ್ತವೆ.

ಮೂರನೆಯ ಕಾರಣ ಅತಿ ಮುಖ್ಯವಾದುದು. ಮನೆಯೊಳಗೆ ವಾಸಿಸುವ ಹಲವು ಚಿಕ್ಕ ಇರುವೆಗಳ ಗೂಡಿನಲ್ಲಿ ಒಂದಲ್ಲ, ಅನೇಕ ರಾಣಿಗಳಿರುತ್ತವೆ. ತೀಕ್ಷ್ಣವಾದ ಔಷಧವನ್ನು ಸಿಂಪಡಿಸಿದಾಗ ಇಂತಹ ಗೂಡು ಗಾಬರಿಗೊಂಡು ಒಡೆಯುತ್ತದೆ. ಕೆಲವು ರಾಣಿಗಳು, ಒಂದಿಷ್ಟು ಕೆಲಸಗಾರರು ಮತ್ತು ಮರಿಗಳು ಬೇರೆ ಬೇರೆ ಬಿರುಕುಗಳಿಗೆ ಹೋಗಿ ಹೊಸ ಗೂಡುಗಳನ್ನು ಮಾಡುತ್ತವೆ. ಹೀಗೆ ಒಂದು ಕೋಣೆಯಲ್ಲಿದ್ದ ಬಾಧೆ ಮೂರು ಕೋಣೆಗಳಿಗೆ ಹರಡುತ್ತದೆ. ‘ಔಷಧ ಹೊಡೆದ ಮೇಲೆ ಇರುವೆ ಹೆಚ್ಚಾಯಿತು’ ಎಂಬ ದೂರಿನಲ್ಲಿ ಸತ್ಯಾಂಶವಿದೆ.

ಮೊದಲು ಇರುವೆಯನ್ನು ಗುರುತಿಸಿ

ಉತ್ತರ ಕನ್ನಡದ ಕಾಡು ಮತ್ತು ತೋಪುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ಮತ್ತು ಸಹೋದ್ಯೋಗಿಗಳು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೂ ಹೆಚ್ಚು ಇರುವೆ ಪ್ರಭೇದಗಳು ದಾಖಲಾಗಿವೆ. ಅವುಗಳಲ್ಲಿ ಬಹುಪಾಲು ಮನೆಯ ತಂಟೆಗೆ ಬರುವುದಿಲ್ಲ. ಮನೆ ಮತ್ತು ಅಂಗಳದಲ್ಲಿ ಪದೇ ಪದೇ ತೊಂದರೆ ಕೊಡುವವು ಬೆರಳೆಣಿಕೆಯಷ್ಟು. ಅವುಗಳ ಗೂಡಿನ ಸ್ಥಳ ಮತ್ತು ಆಹಾರ ಬೇರೆ ಬೇರೆಯಾದ್ದರಿಂದ ನಿರ್ವಹಣೆಯೂ ಬೇರೆಯಾಗುತ್ತದೆ.

1. ಹಳದಿ ಮಿಶ್ರಿತ ಕಂದು ಬಣ್ಣದ ಅತಿ ಚಿಕ್ಕ ಇರುವೆ (ಮೊನೊಮೋರಿಯಮ್ ಫರಾವೋನಿಸ್): ಉದ್ದ ಸುಮಾರು 2 ಮಿ.ಮೀ. ಗೋಡೆಯ ಬಿರುಕು, ಸ್ವಿಚ್ ಬೋರ್ಡ್, ಕಪಾಟಿನ ಹಿಂಬದಿ, ಒಲೆಯ ಬಳಿಯ ಬೆಚ್ಚನೆಯ ಸಂದುಗಳಲ್ಲಿ ಗೂಡು. ಸಿಹಿ, ಎಣ್ಣೆ, ಮಾಂಸ, ಸತ್ತ ಹುಳು ಎಲ್ಲವನ್ನೂ ತಿನ್ನುತ್ತದೆ. ಅನೇಕ ರಾಣಿಗಳಿರುವುದರಿಂದ ಸಿಂಪಡಣೆಯಿಂದ ಗೂಡು ಒಡೆದು ಹರಡುತ್ತದೆ.

2. ತಲೆ ಕಪ್ಪು, ಹೊಟ್ಟೆ ಮತ್ತು ಕಾಲು ಬಿಳಿಚಿಕೊಂಡ ಇರುವೆ (ಟ್ಯಾಪಿನೋಮಾ ಮೆಲನೊಸೆಫಾಲಮ್): ಉದ್ದ ಸುಮಾರು 1.5 ಮಿ.ಮೀ. ಬಿಳಿ ನೆಲದ ಮೇಲೆ ತಲೆಯಷ್ಟೇ ಓಡಿದಂತೆ ಕಾಣುತ್ತದೆ. ಹಿಸುಕಿದರೆ ಹಳಸಿದ ಕೊಬ್ಬರಿಯಂತಹ ವಾಸನೆ. ಸಿಹಿಯ ಕಡೆಗೆ ಒಲವು ಹೆಚ್ಚು. ಹೂಕುಂಡ, ತೇವವಿರುವ ಕಿಟಕಿ ಚೌಕಟ್ಟು, ಒಣಗಿದ ಸೊಪ್ಪಿನ ಸಂದು ಇದರ ನೆಲೆ. ಇದರ ಗೂಡಿನಲ್ಲಿಯೂ ಅನೇಕ ರಾಣಿಗಳು.

3. ಅತ್ತಿತ್ತ ಗೊತ್ತುಗುರಿಯಿಲ್ಲದೆ ಓಡುವ ಕಪ್ಪಿರುವೆ (ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್): ಉದ್ದ 2.5ರಿಂದ 3 ಮಿ.ಮೀ. ಕಾಲು ಮತ್ತು ಮೀಸೆ ದೇಹಕ್ಕೆ ಹೋಲಿಸಿದರೆ ಬಹಳ ಉದ್ದ. ಗೂಡು ಹೆಚ್ಚಾಗಿ ಮನೆಯ ಹೊರಗೆ, ಕಲ್ಲು, ಹೆಂಚಿನ ರಾಶಿ ಮತ್ತು ಕಸದಡಿಯಲ್ಲಿರುತ್ತದೆ. ಅಲ್ಲಿಂದ ದೂರದವರೆಗೆ ಆಹಾರಕ್ಕೆ ಬರುತ್ತದೆ.

4. ಉರಿಯುವಂತೆ ಕುಟುಕುವ ಕೆಂಪಿರುವೆ (ಸೊಲೆನಾಪ್ಸಿಸ್ ಜೆಮಿನೇಟಾ): ಉದ್ದ 3ರಿಂದ 5 ಮಿ.ಮೀ. ಕೆಲವು ಕೆಲಸಗಾರ ಇರುವೆಗಳ ತಲೆ ಅಸಾಧಾರಣವಾಗಿ ದೊಡ್ಡದು. ಅಂಗಳದ ಅಂಚು, ಅಡಿಪಾಯದ ಪಕ್ಕ, ಕೊಟ್ಟಿಗೆಯ ಮಣ್ಣಿನಲ್ಲಿ ಸಡಿಲ ಮಣ್ಣು ಎಬ್ಬಿಸಿ ಗೂಡು ಮಾಡುತ್ತದೆ. ಎಣ್ಣೆ, ಕಾಳು, ಹಿಂಡಿ, ಮೀನು-ಮಾಂಸದ ಚೂರು ಇದಕ್ಕೆ ಪ್ರಿಯ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಈ ಇರುವೆ ಇಂದು ಉಷ್ಣವಲಯದೆಲ್ಲೆಡೆ ಹಬ್ಬಿದೆ.

5. ದೊಡ್ಡ ಕಪ್ಪಿರುವೆ, ಗೊದ್ದ (ಕ್ಯಾಂಪೊನೋಟಸ್ ಕಂಪ್ರೆಸಸ್): ಉದ್ದ 1 ಸೆಂ.ಮೀ. ಮೀರುತ್ತದೆ. ಮರದ ಬುಡದ ಮಣ್ಣಿನಲ್ಲಿ ಗೂಡು. ಸಂಜೆಯ ನಂತರ ಸಿಹಿಯನ್ನು ಅರಸಿ ಮನೆಗೆ ಬರುತ್ತದೆ. ಇದು ಮರವನ್ನು ತಿನ್ನುವುದಿಲ್ಲ. ಆದರೆ ಇದೇ ಗುಂಪಿನ ಕೆಲವು ಪ್ರಭೇದಗಳು ನೀರು ಕುಡಿದು ಮೆತ್ತಗಾದ ಮರವನ್ನು ಕೊರೆದು ಗೂಡು ಮಾಡುತ್ತವೆ. ಪಕಾಸು, ಚೌಕಟ್ಟುಗಳ ಬಳಿ ಮರದ ಪುಡಿ ಉದುರುತ್ತಿದ್ದರೆ ಅಲ್ಲಿ ಹೆಂಚು ಸೋರುತ್ತಿದೆಯೇ ಎಂದು ಮೊದಲು ನೋಡಬೇಕು.

ಇರುವೆಯೋ, ಗೆದ್ದಲೋ?

ಮುಂಗಾರಿನ ಮೊದಲ ಮಳೆಗಳ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳನ್ನು ಕಂಡು ‘ರೆಕ್ಕೆ ಬಂದ ಇರುವೆ’ ಎನ್ನುವವರಿದ್ದಾರೆ. ಅವು ಬಹುತೇಕ ಗೆದ್ದಲಿನ ರಾಜ-ರಾಣಿಗಳು. ವ್ಯತ್ಯಾಸವನ್ನು ಬರಿಗಣ್ಣಿಗೆ ಗುರುತಿಸಬಹುದು. ಇರುವೆಯ ಸೊಂಟ ತೆಳ್ಳಗೆ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಗೆದ್ದಲಿಗೆ ಸೊಂಟವಿಲ್ಲ, ಮೀಸೆ ಮಣಿ ಪೋಣಿಸಿದಂತೆ ನೇರವಾಗಿರುತ್ತದೆ, ನಾಲ್ಕೂ ರೆಕ್ಕೆಗಳು ಒಂದೇ ಅಳತೆಯವು. ಗೋಡೆಯ ಮೇಲೆ ಮಣ್ಣಿನ ಕೊಳವೆ ಕಂಡರೆ ಅದು ಗೆದ್ದಲೇ ಸರಿ. ಗೆದ್ದಲಿನ ನಿರ್ವಹಣೆ ಸಂಪೂರ್ಣ ಬೇರೆ ವಿಷಯವಾದ್ದರಿಂದ ಈ ಲೇಖನದ ಆಮಿಷ ವಿಧಾನವನ್ನು ಅದಕ್ಕೆ ಅನ್ವಯಿಸಬಾರದು.

ಹಾನಿಯ ಸ್ವರೂಪ

ಆಹಾರ ಕೆಡುವುದು ಎಲ್ಲರಿಗೂ ತಿಳಿದ ಹಾನಿ. ಆಲೆಮನೆಯಿಂದ ತಂದ ಜೋನಿ ಬೆಲ್ಲದ ಡಬ್ಬಕ್ಕೆ ಇರುವೆ ಹತ್ತಿದರೆ ಅದನ್ನು ಸೋಸಿ ಕುದಿಸಿಯೇ ಬಳಸಬೇಕಾಗುತ್ತದೆ. ಶೌಚಾಲಯ, ಬಚ್ಚಲು, ಗಾಯದ ಬಟ್ಟೆಗಳ ಮೇಲೆ ಓಡಾಡಿದ ಇರುವೆಯೇ ಅಡುಗೆಯ ಪಾತ್ರೆಗೂ ಬರುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದು 1972ರಲ್ಲಿ ಪ್ರಕಟವಾದ ಅಧ್ಯಯನವು ಮೇಲೆ ಹೇಳಿದ ಮೊದಲ ಬಗೆಯ ಚಿಕ್ಕ ಇರುವೆಯು ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಒಯ್ಯಬಲ್ಲದೆಂದು ತೋರಿಸಿತು. ಕುಟುಕುವ ಕೆಂಪಿರುವೆ ತೊಟ್ಟಿಲ ಮಗು, ಹಾಸಿಗೆ ಹಿಡಿದ ವೃದ್ಧರು ಮತ್ತು ಕಟ್ಟಿಹಾಕಿದ ಎಳೆಗರುಗಳಿಗೆ ಅಪಾಯಕಾರಿ. ಕುಟುಕಿದ ಬಳಿಕ ಮೈತುಂಬ ದದ್ದು ಎದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ವಿಳಂಬವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ತೋಟದಲ್ಲಿ ಇನ್ನೊಂದು ಬಗೆಯ ಹಾನಿಯಿದೆ. ಹಿಟ್ಟುತಿಗಣೆ, ಸಸ್ಯಹೇನು, ಶಲ್ಕ ಕೀಟಗಳು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ಕಾಯುತ್ತವೆ. ಗುಲಗಂಜಿ ಹುಳುವಿನಂತಹ ಪರಭಕ್ಷಕಗಳನ್ನು ಓಡಿಸುತ್ತವೆ. ಕಾಳುಮೆಣಸಿನ ಬುಡದಲ್ಲಿ ಇರುವೆಯ ಓಡಾಟ ಹೆಚ್ಚಿದ್ದರೆ ಬೇರಿಗೆ ಹಿಟ್ಟುತಿಗಣೆ ತಗುಲಿದೆಯೇ ಎಂದು ಪರೀಕ್ಷಿಸಬೇಕು. ಮನೆಯ ಪಕ್ಕದ ದಾಸವಾಳ, ಪೇರಲ, ನಿಂಬೆ ಗಿಡಗಳಲ್ಲಿ ಈ ಕೀಟಗಳಿದ್ದರೆ ಅಲ್ಲಿ ಪೋಷಣೆ ಪಡೆದ ಇರುವೆಗಳು ಅಡುಗೆಮನೆಗೂ ದಾರಿ ಮಾಡಿಕೊಳ್ಳುತ್ತವೆ.

ನಿರ್ವಹಣೆಯ ಕ್ರಮ

ಮೊದಲ ಹೆಜ್ಜೆ: ಸಾಲಿನ ಮೂಲ ಹುಡುಕುವುದು

ಇರುವೆ ಕಂಡೊಡನೆ ಅದನ್ನು ಕೊಲ್ಲಬಾರದು. ಒಂದು ಚಿಟಿಕೆ ಬೆಲ್ಲವನ್ನು ಕಾಗದದ ತುಂಡಿನ ಮೇಲಿಟ್ಟು, ಅದನ್ನು ಹೊತ್ತು ಮರಳುವ ಇರುವೆಗಳನ್ನು ಹಿಂಬಾಲಿಸಬೇಕು. ಹಗಲಿನಲ್ಲಿ ಒಮ್ಮೆ, ರಾತ್ರಿ ಊಟದ ನಂತರ ಟಾರ್ಚ್ ಹಿಡಿದು ಒಮ್ಮೆ ನೋಡುವುದು ಉತ್ತಮ. ಸಾಲು ಗೋಡೆಯ ಹೊರಗಿನಿಂದ ಬರುತ್ತಿದೆಯೇ, ಒಳಗಿನ ಬಿರುಕಿನಿಂದಲೇ ಹೊರಡುತ್ತಿದೆಯೇ ಎಂಬುದನ್ನು ತಿಳಿಯುವುದು ಉದ್ದೇಶ. ಛಾವಣಿಗೆ ತಾಗಿದ ಕೊಂಬೆ, ವಿದ್ಯುತ್ ಮತ್ತು ದೂರವಾಣಿ ತಂತಿ, ನೀರಿನ ಪೈಪು, ಬಟ್ಟೆ ಒಣಗಿಸುವ ಹಗ್ಗ, ಗೋಡೆಗೆ ಒರಗಿಸಿದ ಅಡಿಕೆ ದಬ್ಬೆ ಇವೆಲ್ಲ ಇರುವೆಗಳಿಗೆ ಸೇತುವೆಗಳು. ಕಂಡ ಪ್ರವೇಶಸ್ಥಳಗಳಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿಡಬೇಕು.

ಎರಡನೆಯ ಹೆಜ್ಜೆ: ಆಹಾರ ಮತ್ತು ತೇವವನ್ನು ತಪ್ಪಿಸುವುದು

• ಬೆಲ್ಲ, ಸಕ್ಕರೆ, ಜೇನು, ಎಣ್ಣೆಗಳನ್ನು ಬಿಗಿಯಾದ ಮುಚ್ಚಳದ ಪಾತ್ರೆಗಳಲ್ಲಿಡಬೇಕು. ಡಬ್ಬದ ಹೊರಮೈಗೆ ಅಂಟಿದ ಬೆಲ್ಲವನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ಒರೆಸಬೇಕು.
• ನೀರು ತುಂಬಿದ ತಟ್ಟೆಯಲ್ಲಿ ಪಾತ್ರೆಯನ್ನಿಡುವುದು ಹಾಗೂ ನೆಲುವಿನಲ್ಲಿ ತೂಗುಹಾಕುವುದು ಹಿರಿಯರು ಬಳಸಿದ ಸಮರ್ಥ ಉಪಾಯಗಳು. ತಟ್ಟೆಯ ನೀರಿನ ಮೇಲೆ ಧೂಳಿನ ಪದರ ಕಟ್ಟಿದರೆ ಚಿಕ್ಕ ಇರುವೆಗಳು ಅದರ ಮೇಲೆಯೇ ದಾಟುತ್ತವೆ. ಆದುದರಿಂದ ನೀರಿಗೆ ಕೆಲವು ಹನಿ ಸಾಬೂನು ದ್ರಾವಣ ಬೆರೆಸಿ, ಸೊಳ್ಳೆ ಮೊಟ್ಟೆಯಿಡದಂತೆ ವಾರಕ್ಕೆ ಎರಡು ಸಲ ಬದಲಿಸಬೇಕು.
• ಎಂಜಲು ಪಾತ್ರೆಗಳನ್ನು ರಾತ್ರಿಯಿಡೀ ಬಿಡಬಾರದು. ನಾಯಿ, ಬೆಕ್ಕಿನ ಉಳಿದ ಆಹಾರವನ್ನು ತೆಗೆಯಬೇಕು. ಹಿಂಡಿಯ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರವಿಡಬೇಕು.
• ಸೋರುವ ನಲ್ಲಿ, ಬಚ್ಚಲಿನ ಒಡೆದ ನೆಲ, ಹೆಂಚಿನ ಸೋರಿಕೆಗಳನ್ನು ಸರಿಪಡಿಸಬೇಕು. ಬೇಸಿಗೆಯಲ್ಲಿ ಇರುವೆಗಳು ಎಷ್ಟೋ ಸಲ ಆಹಾರಕ್ಕಲ್ಲ, ನೀರಿಗಾಗಿಯೇ ಒಳಬರುತ್ತವೆ.

ಮೂರನೆಯ ಹೆಜ್ಜೆ: ಮನೆಯ ಸುತ್ತಲಿನ ವ್ಯವಸ್ಥೆ

ಗೋಡೆಗೆ ತಾಗಿದಂತೆ ದರಕು, ಸೌದೆ, ಹಳೆಯ ಹೆಂಚು, ಅಡಿಕೆ ಸಿಪ್ಪೆಗಳ ರಾಶಿ ಇರಕೂಡದು. ಕನಿಷ್ಠ ಎರಡು ಅಡಿ ಅಗಲದ ಜಾಗವನ್ನು ಸುತ್ತಲೂ ಸ್ವಚ್ಛವಾಗಿ, ಒಣಗಿರುವಂತೆ ಇಟ್ಟುಕೊಳ್ಳಬೇಕು. ಛಾವಣಿಗೆ ತಾಗುವ ಕೊಂಬೆಗಳನ್ನು ಸವರಬೇಕು. ಸಮೀಪದ ಗಿಡಗಳಲ್ಲಿ ಹಿಟ್ಟುತಿಗಣೆ ಅಥವಾ ಸಸ್ಯಹೇನು ಇದ್ದರೆ ಬಾಧಿತ ಚಿಗುರನ್ನು ಕತ್ತರಿಸಿ ನಾಶಪಡಿಸಿ, ಪ್ರತಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಬೆರೆಸಿ ಸಂಜೆಯ ವೇಳೆ ಸಿಂಪಡಿಸಬಹುದು.

ಅಂಗಳದಲ್ಲಿ ಕುಟುಕುವ ಕೆಂಪಿರುವೆಯ ಗೂಡು ಸ್ಪಷ್ಟವಾಗಿ ಕಂಡರೆ ಕುದಿಯುವ ನೀರನ್ನು ನಿಧಾನವಾಗಿ ಗೂಡಿನೊಳಗೆ ಸುರಿಯುವುದು ವಿಷರಹಿತ ವಿಧಾನ. ಒಂದೇ ಸಲಕ್ಕೆ ಗೂಡು ಪೂರ್ಣ ನಾಶವಾಗದಿರಬಹುದು. ನಾಲ್ಕೈದು ದಿನ ಬಿಟ್ಟು ಪುನರಾವರ್ತಿಸಬೇಕು. ಅಡಿಕೆ, ಮೆಣಸಿನ ಬುಡದಲ್ಲಿ ಈ ವಿಧಾನ ಸಲ್ಲದು, ಬೇರು ಬೆಂದುಹೋಗುತ್ತದೆ. ನೀರು ಸುರಿಯುವವರು ಕಾಲಿಗೆ ಎತ್ತರದ ಬೂಟು ಧರಿಸಬೇಕು, ಮಕ್ಕಳು ಬಳಿಯಲ್ಲಿರಬಾರದು.

ನಾಲ್ಕನೆಯ ಹೆಜ್ಜೆ: ನಿಧಾನ ವಿಷದ ಆಮಿಷ

ಗೂಡಿನ ಒಳಗಿರುವ ರಾಣಿಯನ್ನು ನಾವು ತಲುಪಲಾರೆವು. ಕೆಲಸಗಾರ ಇರುವೆಗಳು ತಲುಪಬಲ್ಲವು. ಬೆಳೆದ ಇರುವೆ ಗಟ್ಟಿ ಆಹಾರವನ್ನು ನುಂಗಲಾರದು. ಅದು ದ್ರವವನ್ನು ಹೀರಿ ಹೊಟ್ಟೆಯ ಸಂಗ್ರಹ ಚೀಲದಲ್ಲಿ ತುಂಬಿಕೊಂಡು, ಗೂಡಿನಲ್ಲಿ ಬಾಯಿಯಿಂದ ಬಾಯಿಗೆ ಹಂಚುತ್ತದೆ. ಗಟ್ಟಿ ಚೂರುಗಳನ್ನು ಮರಿಹುಳುಗಳಿಗೆ ಉಣಿಸುತ್ತದೆ. ಆಹಾರದಲ್ಲಿ ಬೆರೆತ ವಿಷ ತಡವಾಗಿ ಕೆಲಸ ಮಾಡುವಂತಿದ್ದರೆ ಈ ಹಂಚಿಕೆಯ ಮೂಲಕವೇ ಅದು ರಾಣಿಯವರೆಗೆ ತಲುಪುತ್ತದೆ. ವಿಷ ತೀಕ್ಷ್ಣವಾಗಿದ್ದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡು ಸುರಕ್ಷಿತವಾಗಿ ಉಳಿಯುತ್ತದೆ. ‘ಹೆಚ್ಚು ಹಾಕಿದರೆ ಬೇಗ ಗುಣ’ ಎಂಬ ಎಣಿಕೆ ಇಲ್ಲಿ ಸಂಪೂರ್ಣ ವಿಫಲವಾಗುತ್ತದೆ.

ಆಮಿಷದ ಆಯ್ಕೆ: ಒಂದು ಕಾಗದದ ಮೇಲೆ ಸಕ್ಕರೆ ನೀರಿನ ಹನಿ, ಇನ್ನೊಂದರ ಮೇಲೆ ಹುರಿದ ಶೇಂಗಾ ಪುಡಿಯನ್ನು ಎಣ್ಣೆಯಲ್ಲಿ ಕಲಸಿದ ಉಂಡೆಯನ್ನು ಸಾಲಿನ ಪಕ್ಕದಲ್ಲಿಟ್ಟು ಒಂದು ಗಂಟೆ ಕಾಯಬೇಕು. ಯಾವುದಕ್ಕೆ ಹೆಚ್ಚು ಇರುವೆ ಮುತ್ತುತ್ತದೆಯೋ ಅದೇ ಆಮಿಷ. ಗೂಡಿನಲ್ಲಿ ಮರಿಗಳು ಹೆಚ್ಚಿರುವಾಗ ಅದೇ ಇರುವೆ ಸಿಹಿಯನ್ನು ಬಿಟ್ಟು ಎಣ್ಣೆ-ಕಾಳಿನತ್ತ ತಿರುಗಬಹುದಾದ್ದರಿಂದ ಪ್ರತಿ ಸಲವೂ ಈ ಪರೀಕ್ಷೆ ಅಗತ್ಯ.

ಸಿಹಿ ಆಮಿಷ: 100 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ 10 ಗ್ರಾಂ ಸಕ್ಕರೆ (ಸುಮಾರು ಎರಡು ಟೀ ಚಮಚ) ಮತ್ತು 1 ಗ್ರಾಂ ಬೋರಿಕ್ ಆಮ್ಲದ ಪುಡಿ (ಸುಮಾರು ಕಾಲು ಟೀ ಚಮಚ) ಹಾಕಿ ಪೂರ್ಣ ಕರಗುವವರೆಗೆ ಕಲಕಬೇಕು. ಇದು ಶೇಕಡಾ 1ರ ದ್ರಾವಣ. ಈ ಪ್ರಮಾಣವನ್ನು ಮೀರಿದರೆ ಇರುವೆಗಳು ಮುಟ್ಟದೆ ಬಿಡಬಹುದು.

ಎಣ್ಣೆಯ ಆಮಿಷ: 50 ಗ್ರಾಂ ಹುರಿದ ಶೇಂಗಾ ಪುಡಿಯನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ ಅರ್ಧ ಗ್ರಾಂ ಬೋರಿಕ್ ಆಮ್ಲವನ್ನು ಸಮನಾಗಿ ಬೆರೆಸಿ, ಕಡಲೆಗಾತ್ರದ ತುಂಡುಗಳಾಗಿ ಇಡಬೇಕು.

ಇಡುವ ವಿಧಾನ: ಮುಚ್ಚಳವಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯ ಬುಡದ ಅಂಚಿನಲ್ಲಿ ಇರುವೆ ನುಸುಳುವಷ್ಟು ರಂಧ್ರಗಳನ್ನು ಮಾಡಿ, ಒಳಗೆ ದ್ರಾವಣದಲ್ಲಿ ನೆನೆಸಿದ ಹತ್ತಿಯನ್ನಿಟ್ಟು ಮುಚ್ಚಬೇಕು. ‘ವಿಷ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಬೇಕು. ಗುರುತು ಹಾಕಿದ ಪ್ರವೇಶಸ್ಥಳದ ಬಳಿ, ಸಾಲಿನ ಮೇಲೆಯೇ, ಮಕ್ಕಳು ಮತ್ತು ಸಾಕುಪ್ರಾಣಿಗಳ ಕೈಗೆಟುಕದ ಕಡೆ ಇಡಬೇಕು. ಎರಡು-ಮೂರು ದಿನಕ್ಕೊಮ್ಮೆ ಹೊಸ ಆಮಿಷ ತುಂಬಬೇಕು. ಹುಳಿಬಂದ ದ್ರಾವಣಕ್ಕೆ ಇರುವೆ ಬರುವುದಿಲ್ಲ.

ಮೊದಲ ಒಂದೆರಡು ದಿನ ಇರುವೆಗಳ ಸಂಖ್ಯೆ ಹೆಚ್ಚಿದಂತೆ ತೋರುತ್ತದೆ. ಇದು ಆಮಿಷ ಗೂಡಿಗೆ ತಲುಪುತ್ತಿರುವ ಲಕ್ಷಣ. ಈ ಅವಧಿಯಲ್ಲಿ ಸಾಲನ್ನು ಒರೆಸುವುದು, ಪುಡಿ ಹಾಕುವುದು, ಸಿಂಪಡಿಸುವುದು ಯಾವುದನ್ನೂ ಮಾಡಬಾರದು. ಚಿಕ್ಕ ಹಳದಿ ಇರುವೆಯಲ್ಲಿ ಮೊಟ್ಟೆ ಬೆಳೆದು ಕೆಲಸಗಾರ ಇರುವೆಯಾಗಲು ಸುಮಾರು ಐದಾರು ವಾರ ಬೇಕಾಗುತ್ತದೆ. ಆದುದರಿಂದ ಸಾಲು ಕಣ್ಮರೆಯಾದ ಬಳಿಕವೂ ಆರು ವಾರಗಳವರೆಗೆ ಆಮಿಷವನ್ನು ಮುಂದುವರಿಸಬೇಕು. ಅರ್ಧದಲ್ಲಿ ನಿಲ್ಲಿಸುವುದೇ ಹೆಚ್ಚಿನ ಮನೆಗಳಲ್ಲಿ ವೈಫಲ್ಯಕ್ಕೆ ಕಾರಣ.

ಐದನೆಯ ಹೆಜ್ಜೆ: ಜಾಡು ತೊಳೆದು ಬಿರುಕು ಮುಚ್ಚುವುದು

ಇರುವೆಯ ಓಡಾಟ ಸಂಪೂರ್ಣ ನಿಂತ ಮೇಲೆ ಸಾಬೂನು ನೀರಿನಿಂದ ಜಾಡನ್ನು ತೊಳೆದು, ಗುರುತಿಸಿದ ಬಿರುಕುಗಳನ್ನು ಸಿಮೆಂಟ್ ಅಥವಾ ಸುಣ್ಣದ ಗಾರೆಯಿಂದ ಮುಚ್ಚಬೇಕು. ಗೂಡು ಜೀವಂತವಾಗಿರುವಾಗಲೇ ಬಿರುಕು ಮುಚ್ಚಿದರೆ ಇರುವೆಗಳು ಇನ್ನೊಂದು ದಾರಿ ಕಂಡುಕೊಳ್ಳುತ್ತವೆ. ಅರಿಶಿನ, ಕರ್ಪೂರ, ಲವಂಗ, ಸುಣ್ಣದ ಗೆರೆ ಮೊದಲಾದವು ಜಾಡಿನ ವಾಸನೆಯನ್ನು ಮರೆಮಾಡಿ ಕೆಲಕಾಲ ಇರುವೆಯನ್ನು ತಡೆಯುತ್ತವೆ. ಪೂಜೆ, ಊಟದ ಪಂಕ್ತಿಯಂತಹ ತಾತ್ಕಾಲಿಕ ಸಂದರ್ಭಗಳಿಗೆ ಅವು ಸಾಕು. ಗೂಡಿನ ಮೇಲೆ ಅವುಗಳ ಪರಿಣಾಮವಿಲ್ಲ.

ತೋಟದ ಕೀಟನಾಶಕ ಮನೆಯೊಳಗೆ ಬೇಡ

ಹಿಂದೆ ಇರುವೆ ಪುಡಿಯಾಗಿ ಮನೆಮನೆಯಲ್ಲಿದ್ದ ಬಿಎಚ್‌ಸಿಯನ್ನು 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಅದರ ಶುದ್ಧ ರೂಪವಾದ ಲಿಂಡೇನ್‌ನ ಬಳಕೆ 2013ರಲ್ಲಿ ಕೊನೆಗೊಂಡಿತು. ಕೇಂದ್ರ ಸರ್ಕಾರದ 2018ರ ನಿಷೇಧ ಆದೇಶದಡಿ ಕಾರ್ಬರಿಲ್ ಮತ್ತು ಮೀಥೈಲ್ ಪ್ಯಾರಾಥಿಯಾನ್ ಕೂಡಲೇ ನಿಷೇಧಗೊಂಡವು. ಫೋರೇಟ್ ಮತ್ತು ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ನಿಷಿದ್ಧವಾಗಿವೆ. ಹಳೆಯ ದಾಸ್ತಾನು ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಉಳಿದಿದ್ದರೆ ಅದನ್ನು ಇರುವೆಗೆಂದು ತೆರೆಯಬಾರದು. ಹಳ್ಳ, ಬಾವಿಗಳ ಬಳಿ ಸುರಿಯಲೂ ಬಾರದು. ವಿಲೇವಾರಿಯ ಬಗ್ಗೆ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬೇಕು.

ಇಂದಿಗೂ ಅನುಮತಿಯಿರುವ ಬೆಳೆ ಕೀಟನಾಶಕಗಳು ಸಹ ಗಾಳಿ, ಬಿಸಿಲು, ಮಳೆ ಇರುವ ಹೊಲಕ್ಕೆಂದು ತಯಾರಾದವು. ಮುಚ್ಚಿದ ಕೋಣೆಯ ನೆಲ, ಗೋಡೆಗಳಲ್ಲಿ ಅವುಗಳ ಶೇಷ ಬಹುಕಾಲ ಉಳಿಯುತ್ತದೆ. ನೆಲದಲ್ಲಿ ಆಡಿದ ಕೈಯನ್ನು ಬಾಯಿಗಿಡುವ ಮಕ್ಕಳ ದೇಹಕ್ಕೆ ಅದು ನೇರವಾಗಿ ಸೇರುತ್ತದೆ. ಒಣಗಿಸಿದ ಅಡಿಕೆ, ಮೆಣಸಿನ ಚೀಲಗಳ ಮೇಲೆ ಇರುವೆ ಪುಡಿ ಉದುರಿಸುವುದು ಮಾರಾಟದ ಉತ್ಪನ್ನವನ್ನೇ ಕಲುಷಿತಗೊಳಿಸುತ್ತದೆ. ಕೀಟನಾಶಕವನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಸುರಿದಿಡುವುದು ಪ್ರಾಣಾಂತಿಕ ತಪ್ಪು. ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣವೂ ಕೀಟನಾಶಕವೇ ಆಗಿದ್ದು, ಮಕ್ಕಳು ಅದನ್ನು ಬರೆಯುವ ಬಳಪವೆಂದು ಭಾವಿಸುವ ಅಪಾಯವಿದೆ.

ಬೋರಿಕ್ ಆಮ್ಲವೂ ನಿರಪಾಯಕಾರಿ ಅಲ್ಲ. ಅದನ್ನು ಉಪ್ಪು, ಸಕ್ಕರೆ, ಸೋಡಾ ಪುಡಿಗಳ ಸಾಲಿನಲ್ಲಿ ಇಡಬಾರದು. ಬಳಸಿದ ಚಮಚ, ಪಾತ್ರೆಗಳನ್ನು ಅಡುಗೆಗೆ ಮರಳಿಸಬಾರದು. ಮಾರುಕಟ್ಟೆಯ ಇರುವೆ ಆಮಿಷ ಅಥವಾ ಜೆಲ್ ಬಳಸುವುದಾದರೆ ಮನೆಯೊಳಗಿನ ಬಳಕೆಗೆ ಮತ್ತು ಇರುವೆಗೆ ಎಂದು ಲೇಬಲ್‌ನಲ್ಲಿ ಸ್ಪಷ್ಟವಾಗಿ ನಮೂದಿಸಿರುವುದನ್ನು ಮಾತ್ರ ಕೊಳ್ಳಬೇಕು. ವಿಷ ನುಂಗಿದ ಶಂಕೆ ಬಂದರೆ ಮನೆಮದ್ದಿನಿಂದ ವಾಂತಿ ಮಾಡಿಸಲು ಯತ್ನಿಸದೆ, 108ಕ್ಕೆ ಕರೆಮಾಡಿ, ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಬೇಕು.

ಜೇನು ಮತ್ತು ಚಗಳಿಯ ರಕ್ಷಣೆ

ಈ ಭಾಗದ ಅನೇಕ ಮನೆಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಗೋಡೆಯ ಸಂದಿನಲ್ಲಿ ಮಿಸರಿ ಜೇನು ನೆಲೆಸಿರುವುದೂ ಸಾಮಾನ್ಯ. ತೆರೆದಿಟ್ಟ ವಿಷಮಿಶ್ರಿತ ಸಕ್ಕರೆ ನೀರು ಜೇನುನೊಣಗಳನ್ನೂ ಸೆಳೆಯುತ್ತದೆ. ಆದುದರಿಂದ ಸಿಹಿ ಆಮಿಷವನ್ನು ಮನೆಯೊಳಗೆ ಮಾತ್ರ ಇಡಬೇಕು. ಜಗುಲಿ, ಕೊಟ್ಟಿಗೆಗಳಲ್ಲಿ ಅನಿವಾರ್ಯವಾದರೆ ಕತ್ತಲಾದ ಮೇಲೆ ಇಟ್ಟು ಬೆಳಗಾಗುವ ಮುನ್ನ ತೆಗೆಯಬೇಕು. ಜೇನು ಪೆಟ್ಟಿಗೆಗೆ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಸುತ್ತಲಿನ ಹುಲ್ಲು ಕಾಲಿಗೆ ತಾಗದಂತೆ ಸವರಿದರೆ ಸಾಕು, ಔಷಧದ ಅಗತ್ಯವಿಲ್ಲ.

ಎಲೆಗಳನ್ನು ಹೊಲಿದು ಮರದ ಮೇಲೆ ಗೂಡು ಕಟ್ಟುವ ಚಗಳಿ (ಈಕೊಫಿಲ್ಲಾ ಸ್ಮರಾಗ್ಡಿನಾ) ಕಚ್ಚುತ್ತದೆ ನಿಜ. ಆದರೆ ಅದು ಹಲವು ಬೆಳೆ ಕೀಟಗಳನ್ನು ಬೇಟೆಯಾಡುವ ಉಪಕಾರಿ. ಚೀನಾದ ಕಿತ್ತಳೆ ತೋಟಗಳಲ್ಲಿ ಇದೇ ಇರುವೆಯನ್ನು ಕೀಟ ನಿಯಂತ್ರಣಕ್ಕಾಗಿ ನಾಲ್ಕನೆಯ ಶತಮಾನದಷ್ಟು ಹಿಂದೆಯೇ ಬಳಸುತ್ತಿದ್ದರು. ಅದು ಮನೆಯೊಳಗೆ ಗೂಡು ಮಾಡುವುದಿಲ್ಲ. ಛಾವಣಿಗೆ ತಾಗಿದ ಕೊಂಬೆಯನ್ನು ಕಡಿದರೆ ಅದರ ಬರವು ನಿಲ್ಲುತ್ತದೆ. ಗೂಡನ್ನು ಸುಡುವುದು, ಮರಕ್ಕೆ ಔಷಧ ಹೊಡೆಯುವುದು ಬೇಡ.

ಅಂಗನವಾಡಿ, ಶಾಲೆ ಮತ್ತು ಗೋದಾಮುಗಳಲ್ಲಿ

ಬಿಸಿಯೂಟದ ಕೋಣೆ, ಅಂಗನವಾಡಿ, ಸಹಕಾರ ಸಂಘಗಳ ಗೋದಾಮುಗಳಲ್ಲಿ ಒಬ್ಬರು ಆಮಿಷ ಇಟ್ಟು ಇನ್ನೊಬ್ಬರು ಪುಡಿ ಹಾಕಿದರೆ ಪ್ರಯತ್ನ ವ್ಯರ್ಥ. ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ, ಆಮಿಷ ಇಟ್ಟ ಸ್ಥಳ ಮತ್ತು ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಮಕ್ಕಳಿರುವ ಕಟ್ಟಡಗಳಲ್ಲಿ ಶಾಲೆ ಬಿಟ್ಟ ಬಳಿಕ ಆಮಿಷ ಇಟ್ಟು ಮರುದಿನ ಬಾಗಿಲು ತೆರೆಯುವ ಮುನ್ನ ಎಣಿಸಿ ತೆಗೆಯಬೇಕು. ಧಾನ್ಯದ ಚೀಲಗಳನ್ನು ಹಲಗೆಯ ಮೇಲೆ ಜೋಡಿಸಿ ಗೋಡೆಯ ಸುತ್ತ ನಡೆದಾಡುವಷ್ಟು ಜಾಗ ಬಿಟ್ಟರೆ ಇರುವೆಯ ಸಾಲು ಆರಂಭದಲ್ಲೇ ಕಾಣಸಿಗುತ್ತದೆ.

ವರ್ಷದ ಕಾರ್ಯಸೂಚಿ

• ಜನವರಿ–ಮಾರ್ಚ್: ಅಡಿಕೆ ಸಂಸ್ಕರಣೆ ಮತ್ತು ಆಲೆಮನೆಯ ಕಾಲ. ಬೆಲ್ಲದ ಪಾತ್ರೆಗಳನ್ನು ತುಂಬುವ ದಿನವೇ ಹೊರಮೈ ಒರೆಸಿ ಬಿಗಿಯಾಗಿ ಮುಚ್ಚುವುದು. ಅಡಿಕೆ ಸಿಪ್ಪೆಯನ್ನು ಗೋಡೆ ಬದಿಯಲ್ಲಿ ರಾಶಿ ಹಾಕದಿರುವುದು.
• ಏಪ್ರಿಲ್–ಮೇ: ರೋಹಿಣಿ ಮಳೆಗೆ ಮೊದಲು ಹೆಂಚು ಕೈಯಾಡಿಸುವುದು, ಕೊಂಬೆ ಸವರುವುದು, ಪ್ರವೇಶಸ್ಥಳಗಳನ್ನು ಗುರುತಿಸಿ ಆಮಿಷ ಆರಂಭಿಸುವುದು. ಮಣ್ಣಿನ ಗೂಡಿಗೆ ನೀರು ನುಗ್ಗಿದಾಗ ಇರುವೆಗಳು ಮನೆಗೆ ವಲಸೆ ಬರುವ ಮುನ್ನವೇ ಈ ಕೆಲಸ ಮುಗಿದಿರಬೇಕು.
• ಜೂನ್–ಸೆಪ್ಟೆಂಬರ್: ಒಳಗಿನ ಆಮಿಷಗಳನ್ನು ಮುಂದುವರಿಸುವುದು, ಸೋರಿಕೆ ಮತ್ತು ತೇವದ ಜಾಗಗಳನ್ನು ವಾರಕ್ಕೊಮ್ಮೆ ನೋಡುವುದು.
• ಅಕ್ಟೋಬರ್–ಡಿಸೆಂಬರ್: ಗೋಡೆ ಒಣಗಿದ ಮೇಲೆ ಜಾಡು ತೊಳೆದು ಬಿರುಕು ಮುಚ್ಚುವುದು, ಅಂಗಳ ಸಿದ್ಧಗೊಳಿಸುವಾಗ ಕೆಂಪಿರುವೆಯ ಗೂಡುಗಳನ್ನು ಹುಡುಕಿ ನಾಶಪಡಿಸುವುದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಇರುವೆಯ ದೂರು ಬಂದಾಗ ಔಷಧದ ಹೆಸರು ಹೇಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಇರುವೆ ಯಾವುದು, ಸಾಲು ಎಲ್ಲಿಂದ ಬರುತ್ತದೆ, ಈವರೆಗೆ ಏನನ್ನು ಬಳಸಿದ್ದೀರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಷೇಧಿತ ಅಥವಾ ಬೆಳೆಗೆ ಮೀಸಲಾದ ಕೀಟನಾಶಕದ ಹೆಸರು ಕೇಳಿಬಂದರೆ ಅದನ್ನು ನಿಲ್ಲಿಸುವುದೇ ಮೊದಲ ಸಲಹೆಯಾಗಬೇಕು. ಅಡುಗೆಮನೆಯ ನಿತ್ಯದ ವಿವರ ಬಲ್ಲವರು ಬಹುತೇಕ ರೈತ ಮಹಿಳೆಯರು; ಆದ್ದರಿಂದ ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳ ಸಭೆಗಳಲ್ಲಿ ಆಮಿಷ ತಯಾರಿಕೆಯ ಪ್ರಾತ್ಯಕ್ಷಿಕೆ ನೀಡುವುದು ಹೆಚ್ಚು ಫಲಪ್ರದ. ಗುರುತಿಸಲು ಕಷ್ಟವಾದ ಇರುವೆಗಳನ್ನು ಚಿಕ್ಕ ಸೀಸೆಯಲ್ಲಿ ಸ್ಪಿರಿಟ್‌ನೊಂದಿಗೆ ಹಾಕಿ, ಸಿಕ್ಕ ಸ್ಥಳ ಹಾಗೂ ದಿನಾಂಕ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬಹುದು.

ಇರುವೆಗಳನ್ನು ಮಲೆನಾಡಿನಿಂದ ಇಲ್ಲವಾಗಿಸುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಮಣ್ಣನ್ನು ಸಡಿಲಗೊಳಿಸುವ, ಸತ್ತ ಜೀವಿಗಳನ್ನು ವಿಲೇವಾರಿ ಮಾಡುವ, ಕೀಟಗಳನ್ನು ಬೇಟೆಯಾಡುವ ಅವು ತೋಟದಲ್ಲಿ ಇರಲಿ. ಮನೆಯೊಳಗೆ ಆಹಾರ, ತೇವ ಮತ್ತು ದಾರಿ ಸಿಗದಂತೆ ಮಾಡಿ, ಗೂಡು ಒಳಗೇ ಇದ್ದಲ್ಲಿ ತಾಳ್ಮೆಯಿಂದ ಆರು ವಾರ ಆಮಿಷ ಮುಂದುವರಿಸಿದರೆ ಮುಂದಿನ ಮಳೆಗಾಲಕ್ಕೆ ವಿಷದ ಪುಡಿಯನ್ನು ಕೊಳ್ಳುವ ಪ್ರಮೇಯ ಬರದು.